ಒಂದೇ ಏಟು

ಅವಳನ್ನು ಹೂಳಿ ಬಂದ ದಿನ ಊರಿನವರು ಜಗಲಿಯ ಮೇಲೆ ಕೂತು ಹಸುವಿನಂಥ ಹೆಂಗಸು ಅಂದರು. ಹಸು ಒದೆಯುತ್ತದೆ ಅನ್ನುವುದು ಅವರಿಗೆ ಮರೆತಿತ್ತು. ನನಗೆ ಮರೆತಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನಾನೂ ಒಳ್ಳೆಯದನ್ನೇ ಬರೆಯುತ್ತಿದ್ದೇನೆ. ಅವಳು ಗಂಡನ ಕೈ ಮುರಿದಳು. ಅದಕ್ಕಿಂತ ಒಳ್ಳೆಯ ಕೆಲಸ ನಮ್ಮ ಬೀದಿಯಲ್ಲಿ ನಾನು ಇನ್ನೊಂದು ಕಂಡಿಲ್ಲ.

ಹೆಸರು ಬರೆಯುವುದಿಲ್ಲ. ಅವಳ ಹೆಸರನ್ನು ಕೋರ್ಟಿನ ಬಾಗಿಲಲ್ಲಿ ಬೇಕಾದಷ್ಟು ಸಲ ಕೂಗಿದ್ದಾರೆ. ಸಾಕು.

ತುರುವನೂರಿನ ಕಡೆಯಿಂದ ಹೊಸದುರ್ಗ ತಾಲ್ಲೂಕಿನ ನಮ್ಮೂರಿಗೆ ಕೊಟ್ಟು ತಂದ ಹೆಣ್ಣು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಅವಳು ಬಂದಾಗ ನಾನು ಆಗಲೇ ಮುಂಡೆಯಾಗಿದ್ದೆ. ನನ್ನ ಗಂಡನೂ ಹೊಡೆಯುವವನೇ. ನನ್ನ ಎಡಗಿವಿ ಅವನ ಕಾಲದಲ್ಲೇ ಹೋಯಿತು. ಅವನು ಸತ್ತ ದಿನ ಹೆಣದ ಮುಂದೆ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರೆ, ನಾನು ಎಡಗಿವಿಯನ್ನು ಅವರ ಕಡೆ ತಿರುಗಿಸಿಕೊಂಡು ಕೂತಿದ್ದೆ. ಒಂದೇ ಒಂದು ಸಲ ಆ ಕಿವಿ ನನ್ನ ಉಪಯೋಗಕ್ಕೆ ಬಂದದ್ದು ಆವತ್ತು.

ಅವಳು ಕುಳ್ಳಿ, ಕಪ್ಪು, ತೋಳು ಮಾತ್ರ ಗಂಡಸಿನ ತೋಳು. ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಜನ. ಹೆಂಗಸರು ಉಣ್ಣೆ ನೂಲುವುದು, ಗಂಡಸರು ಮಗ್ಗಕ್ಕೆ ಕೂರುವುದು ರೂಢಿ. ಅವಳ ಗಂಡ ಕುಡಿದು ಬಂದು ಮಗ್ಗದ ಗುಂಡಿಯಲ್ಲೇ ಮಲಗುವುದಕ್ಕೆ ಶುರು ಮಾಡಿದ ಮೇಲೆ, ಒಂದು ದಿನ ಅವಳು ಅವನನ್ನು ದರದರ ಎಳೆದು ಪಕ್ಕಕ್ಕೆ ಹಾಕಿ ತಾನೇ ಗುಂಡಿಗೆ ಕಾಲಿಳಿಬಿಟ್ಟು ಕೂತಳು. ಅತ್ತೆ ಬಾಯಿ ಬಡಿದುಕೊಂಡಳು.

"ಹೆಣ್ಣೆಂಗ್ಸು ಮಗ್ಗ ಮುಟ್ಟಿದ್ರೆ ಮನಿ ಉದ್ಧಾರ ಆಗ್ತೈತೇನೇ?"

"ನಿನ್ ಮಗ ಮುಟ್ಟಿದ್ದಕ್ಕೆ ಏನ್ ಉದ್ಧಾರ ಆಗೈತೆ, ತೋರ್ಸತ್ತೆ, ನೋಡ್ತೀನಿ" ಅಂದಳು ಇವಳು, ತಲೆ ಎತ್ತದೆ.

ಅವಳು ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲ ಮಾತನ್ನೂ ನೂಲಿಗೆ ಹೇಳುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿಯುವ ಅಭ್ಯಾಸ. ಮುಂದಿನ ಹಲ್ಲು ಒಂದು ಅರ್ಧಕ್ಕೆ ಮುರಿದಿತ್ತು, ಆ ಸಂದಿಯಲ್ಲಿ ದಾರ ಸಿಕ್ಕಿಸಿ ಎಳೆಯುವಳು. ಹಲ್ಲಿಗೆ ಏನಾಯಿತೇ ಎಂದು ಯಾರಾದರೂ ಕೇಳಿದರೆ, "ಇದಾ? ಮನಿಯವ್ರು ಸೈನು ಹಾಕ್ಯಾರೆ" ಅನ್ನುವಳು. ಬಾಯಿ ಮುಚ್ಚಿಕೊಂಡು ನಗುತ್ತಿರಲಿಲ್ಲ. ಮುರಿದ ಹಲ್ಲು ಕಾಣುವ ಹಾಗೇ ನಗುವಳು, ಅದರಲ್ಲೂ ಅತ್ತೆಯ ಕಡೆಯ ನೆಂಟರು ಬಂದಾಗ.

ಅನುಸರಿಸಿಕೊಂಡು ಹೋಗು ಅನ್ನುವ ಮಾತು ಅವಳಿಗೆ ಆಗುತ್ತಿರಲಿಲ್ಲ. ಒಂದು ಸಲ ತುರುವನೂರಿನಿಂದ ಅವಳ ಅಣ್ಣ ಬಂದು, ಉಂಡು, ಎಲೆಯಡಿಕೆ ಹಾಕಿಕೊಂಡು ಆ ಮಾತನ್ನೇ ಹೇಳಿದ. ಅವಳು ಉಣ್ಣೆ ಬಿಡಿಸುತ್ತಾ, "ಅಣ್ಣಯ್ಯ, ಹರಿದಿದ್ದ ಹೊಲೀಬೋದು. ಕೊಳೆತಿದ್ದ ಎಲ್ಲಿ ಅಂತ ಹೊಲೀಲಿ? ಸೂಜಿ ಹಾಕಿದ್ ಕಡೀಗೇ ಕಿತ್ಕಂಡ್ ಬರ್ತೈತೆ" ಅಂದಳು. ಅವನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಅವಳು ಆಮೇಲೆ ತವರಿಗೆ ಹೋಗಲಿಲ್ಲ. ತವರಿನ ಮಾತೂ ಆಡಲಿಲ್ಲ.

ಅವಳಿಗೆ ಒಬ್ಬಳೇ ಮಗಳು. ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗಂಡನ ಅಕ್ಕ, ಹೊಳಲ್ಕೆರೆ ತಾಲ್ಲೂಕಿನ ಬಿ. ದುರ್ಗದ ಕಡೆ ಕೊಟ್ಟವಳು, ತನ್ನ ಮಗನಿಗೆ ಆ ಹುಡುಗಿಯನ್ನು ಕೇಳಿದಳು. ಸೋದರತ್ತೆಯ ಮಗ, ಕೇಳುವ ಹಕ್ಕಿದೆ ಅನ್ನುವುದು ಅವರ ಲೆಕ್ಕ. ಗಂಡಿಗೆ ಮೂವತ್ತು ದಾಟಿತ್ತು. ಮೊದಲು ಒಬ್ಬಳನ್ನು ಕಟ್ಟಿಕೊಂಡಿದ್ದ. ಅವಳು ಉಟ್ಟ ಸೀರೆಯಲ್ಲೇ ಓಡಿಹೋಗಿದ್ದಳು. ಯಾಕೆ ಓಡಿದಳು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಇವಳು ಆಗುವುದಿಲ್ಲ ಅಂದಳು. ಗಂಡ ಹೊಡೆದ. ಇವಳು ಮತ್ತೆ ಆಗುವುದಿಲ್ಲ ಅಂದಳು. ಹೀಗೇ ಒಂದು ಬೇಸಿಗೆ ಕಳೆಯಿತು.

ಆವತ್ತು ಬೆಳಗ್ಗೆ ನಾನು ಗೋಡೆಯ ಈಚೆ ಪಾತ್ರೆ ಉಜ್ಜುತ್ತಿದ್ದೆ. ಅವಳ ಮಗ್ಗ ಇದ್ದದ್ದು ಮುಂದಿನ ಪಡಸಾಲೆಯಲ್ಲಿ, ನಾನು ಎದ್ದು ನಿಂತರೆ ಎಲ್ಲಾ ಕಾಣುತ್ತದೆ. ಅವಳ ಗಂಡನ ಗಂಟಲು ಕೇಳಿ ಎದ್ದು ನಿಂತೆ.

"ಹುಡುಗೀನ ಇಸ್ಕೂಲಿಗೆ ಕಳಿಸ್ಬ್ಯಾಡ. ಇವತ್ತು ನಮ್ಮಕ್ಕಾರು ವೀಳ್ಯ ತರ್ತಾರೆ, ಮದ್ವಿ ಮಾತು ಗಟ್ಟಿ ಮಾಡಾಕೆ."

"ಪರೀಕ್ಷೆ ಐತೆ. ಹೋಗ್ತಾಳೆ."

"ನಾನು ಹೇಳ್ತಿರಾದು ಯಾರಿಗ್ಲೇ?"

"ನಿಮ್ಮಕ್ಕಂಗೆ ಹೇಳು, ಬರಬ್ಯಾಡ ಅಂತ."

ಅವನು ಒಳಗೆ ಹೋಗಿ ಕುರಿಗೆ ಸೊಪ್ಪು ಕಡಿಯುವ ಮಚ್ಚು ಹಿಡಿದು ಬಂದ. ಅವಳು ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದಾಳೆ, ಎದೆಯ ಮುಂದೆ ನೂಲು ಬಿಗಿದಿದೆ. ಹಾಗೆ ಕೂತವರು ಓಡುವುದೆಲ್ಲಿಗೆ? ಏಳುವುದಕ್ಕೇ ಎರಡು ಕೈ ಊರಬೇಕು. ಮಗಳು ಹೊಸ್ತಿಲಲ್ಲಿ ಬ್ಯಾಗು ಹಿಡಿದು ಕಿರುಚಿದಳು. ಅತ್ತೆ ಒಲೆಯ ಮುಂದೆ ಕೂತೇ ಇದ್ದಳು. ಅವನು ಮಚ್ಚನ್ನು ತಲೆಯ ಮೇಲಕ್ಕೆ ಎತ್ತಿದ.

ಮಗ್ಗದಲ್ಲಿ ನೂಲನ್ನು ಒತ್ತಿ ಬಡಿಯುವುದಕ್ಕೆ ಕತ್ತಿಯ ಹಾಗಿರುವ ಒಂದು ಮರದ ಹಲಗೆ ಇರುತ್ತದೆ. ಅವಳದು ಹುಣಸೆ ಮರದ್ದು, ಹಳೆಯದು, ಕಬ್ಬಿಣದ ಹಾಗೆ. ದಿನಾ ಅದನ್ನೇ ಬಡಿದು ಬಡಿದು ಬೆಳೆದ ತೋಳು. ಕೂತಲ್ಲಿಂದಲೇ ಬೀಸಿದಳು. ಎತ್ತಿದ ಕೈಯ ಮಣಿಕಟ್ಟಿಗೆ ಬಿತ್ತು. ಒಣಸೌದೆ ಮುರಿದ ಸದ್ದು. ನನ್ನ ಒಂದೇ ಕಿವಿಗೂ ಚೆನ್ನಾಗಿ ಕೇಳಿಸಿತು. ಮಚ್ಚು ಕೆಳಗೆ ಬಿತ್ತು. ಅವನು ಕೈ ಹಿಡಿದುಕೊಂಡು ಕುಸಿದ.

ನಾನು ಗೋಡೆಯ ಮೇಲೆ ಅರ್ಧ ಹತ್ತಿ ಕೂಗಿದೆ: "ಇನ್ನೊಂದ್ ಹಾಕೇ! ತಲೀಗೆ ಹಾಕೇ!"

ಹಾಕಲಿಲ್ಲ. ಗುಂಡಿಯಿಂದ ಎದ್ದು ಬಂದು ಮಚ್ಚಿನ ಮೇಲೆ ಕಾಲಿಟ್ಟು ನಿಂತಳು. ಹಲಗೆಯನ್ನು ಮಗ್ಗದ ಮೇಲೆ ಎಸೆದಳು. ಮಗಳನ್ನು ಕರೆದು ಗೋಡೆ ಹತ್ತಿಸಿ ನನ್ನ ಕಡೆ ದಾಟಿಸಿದಳು. "ಯಕ್ಕ, ಇವ್ಳಿಗೆ ಪರೀಕ್ಷೆ ಐತೆ. ಹೊತ್ತಾಗ್ತೈತೆ, ಬಿಟ್ ಬಾ" ಅಂದಳು. ನಾನು ಬಿಟ್ಟು ಬಂದೆ. ದಾರಿಯುದ್ದಕ್ಕೂ ನನಗೆ ಇವಳ ಮೇಲೆ ಸಿಟ್ಟು. ಅಷ್ಟು ವರ್ಷ ಬೇಕಾದಷ್ಟು ತಿಂದವಳು ಒಂದೇ ಕೊಟ್ಟು ನಿಲ್ಲಿಸುವುದೇ?

ಆಮೇಲೆ ನಡೆದದ್ದು ನಮ್ಮ ಜನ ಮಾತ್ರ ಮಾಡುವಂಥ ತಪ್ಪು. ಗಂಡನ ಕಡೆಯವರು ಪೊಲೀಸಿನವರ ಹತ್ತಿರ ಹೋಗುವ ಮೊದಲು ಗುಡಿಗೆ ಹೋದರು. ನಮ್ಮಲ್ಲಿ ಮನೆಯ ಜಗಳ ಮೊದಲು ಗುಡಿಯ ಮುಂದೆ ನ್ಯಾಯಕ್ಕೆ ಬರಬೇಕು, ಭಂಡಾರದ ಆಣೆಯ ಮೇಲೆ. ಭಂಡಾರ ಅಂದರೆ ದೇವರ ಮುಂದಿನ ಅರಿಸಿನದ ಪುಡಿ. ಅದನ್ನು ಮುಟ್ಟಿ ಸುಳ್ಳಾಡಿದರೆ ವಂಶ ಉಳಿಯುವುದಿಲ್ಲ ಎಂದು ಕುಡುಕನೂ ನಂಬುತ್ತಾನೆ. ಅವನು ಕೈಗೆ ಕಟ್ಟು ಹಾಕಿಸಿಕೊಂಡು ಬಂದು ಕೂತ. ಬಲಗೈ ಏಳದು, ಎಡಗೈಯಲ್ಲಿ ಭಂಡಾರ ಮುಟ್ಟಬಾರದು. ಏನು ಮಾಡುವುದು ಎಂದು ಹಿರಿಯರು ಬಹಳ ಹೊತ್ತು ತಲೆ ಕೆರೆದುಕೊಂಡರು. ಕೊನೆಗೆ ಪೂಜಾರಿಯೇ ಅವನ ಹಣೆಗೆ ಬಳಿದು ಆಣೆ ಮಾಡಿಸಿದ.

ಊರ ಗೌಡ ಕೇಳಿದ: "ಮೊದ್ಲು ಕೈ ಎತ್ತಿದ್ದು ಯಾರಪ್ಪ?"

ಇವನು ಎದೆ ಸೆಟೆಸಿ ಹೇಳಿದ: "ನಾನೇ ಎತ್ದೆ. ಮಚ್ಚು ಎತ್ಕಂಡೇ ಬಂದೆ. ಮಾತು ಕೇಳ್ದಿದ್ರೆ ಹೆಂಡ್ರಿಗೆ ಎತ್ದಲೆ ಇನ್ಯಾರಿಗೆ ಎತ್ಲಿ ಗೌಡ್ರೇ?"

ಕೂತವರು ತಲೆಯಾಡಿಸಿದರು. ನಾನು ಹೆಂಗಸರ ಸಾಲಿನಲ್ಲಿ ನಿಂತು ಅಷ್ಟೂ ತಲೆಗಳನ್ನು ನೋಡಿಟ್ಟುಕೊಂಡೆ. ಹೆಂಡತಿಗೆ ಮಚ್ಚು ಎತ್ತುವುದು ತಪ್ಪೆಂದು ಅವನಿಗೆ ಅನ್ನಿಸಿದ್ದರೆ ಸುಳ್ಳು ಹೇಳುತ್ತಿದ್ದ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತಿದ್ದ. ತಪ್ಪು ಅನ್ನಿಸಲೇ ಇಲ್ಲ. ಹಾಗಾಗಿ ದೇವರ ಮುಂದೆ ಸತ್ಯವನ್ನೇ ಹೇಳಿದ, ಮುಠ್ಠಾಳ.

ಹಿರಿಯರ ತೀರ್ಮಾನ: ಇವಳು ಅವನ ಕಾಲಿಗೆ ಬೀಳಬೇಕು, ಮಗಳನ್ನು ಬಿ. ದುರ್ಗಕ್ಕೆ ಕೊಡಬೇಕು.

ಇವಳು ನೆಲ ನೋಡಿಕೊಂಡು ಹೇಳಿದಳು: "ಕಾಲಿಗೆ ಬೀಳಾಕೆ ಬಗ್ಗಿದ್ರೆ ಕಾಲೂ ಮುರಿದೇನು. ಬ್ಯಾಡ ಬಿಡ್ರಿ."

ಆಗ ಅವರು ಪೊಲೀಸ್ ಠಾಣೆ ಹತ್ತಿದರು. ಅಲ್ಲಿ ಕತೆ ಬೇರೆ. ಅವನು ಬಗ್ಗಿ ಗಡಿಗೆಯಿಂದ ನೀರು ಕುಡಿಯುತ್ತಿದ್ದನಂತೆ, ಇವಳು ಹಿಂದಿನಿಂದ ಬಂದು ಕೊಲ್ಲುವ ಹಾಗೆ ಹೊಡೆದಳಂತೆ. ಮಚ್ಚಿನ ಸುದ್ದಿಯೇ ಇಲ್ಲ. ಅವನ ತಾಯಿಯದೂ ಅದೇ ಹೇಳಿಕೆ.

ಅವಳನ್ನು ಜಿಲ್ಲಾ ಜೈಲಿಗೆ ಕಳಿಸಿದರು. ಮಗಳು ನನ್ನ ಮನೆಯಲ್ಲಿ ಉಳಿದಳು. ನಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ, ಪಕ್ಕದಲ್ಲಿ ಒನಕೆ. ಯಾವನಾದರೂ ಬರಲಿ ಎಂದು ಕಾದಿದ್ದೆ, ನಿಜ ಹೇಳುತ್ತೇನೆ, ಆಸೆಯಿಂದಲೇ ಕಾದಿದ್ದೆ. ಯಾರೂ ಬರಲಿಲ್ಲ. ಜಾಮೀನು ಆಗಿ ಅವಳು ಯಾವಾಗ ಬೇಕಾದರೂ ಬಂದಾಳು ಅನ್ನುವ ಹೆದರಿಕೆ ಅವರಿಗೆ.

ಜಾಮೀನಿನ ಮೇಲೆ ಅವಳು ಹೊರಗೆ ಬಂದಾಗ ಮೈ ತುಂಬಿಕೊಂಡಿದ್ದಳು. "ಹೊತ್ತೊತ್ತಿಗೆ ಉಣ್ಣಾಕೆ ಇಕ್ತಾರೆ, ಹೊಡ್ಯೋರಿಲ್ಲ. ಗಂಡನ ಮನಿಗಿಂತ ವಾಸಿ ಕಣಕ್ಕ" ಅಂದಳು. ಆ ದಿನದಿಂದ ತಾಯಿ ಮಗಳು ಇಬ್ಬರೂ ನನ್ನ ಮನೆಯಲ್ಲೇ. ನನ್ನ ಪಡಸಾಲೆಯಲ್ಲಿ ಗುಂಡಿ ತೋಡಿ ಹೊಸ ಮಗ್ಗ ಹೂಡಿದಳು.

ಕೋರ್ಟು ಹೊಸದುರ್ಗದಲ್ಲಿ. ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇವಳಿಗೆ ಒಬ್ಬ ಹೆಣ್ಣುಮಗಳು ಬಂದಳು, ಸಣ್ಣ ವಯಸ್ಸು, ಕರೀ ಕೋಟು ಭುಜಕ್ಕೆ ಜೋತು ಬಿದ್ದಿತ್ತು. ಆ ಲಾಯರಮ್ಮ ನಮ್ಮಿಬ್ಬರನ್ನೂ ಬೇವಿನ ಮರದ ಕೆಳಗೆ ಕೂರಿಸಿ ಬಿಡಿಸಿ ಹೇಳಿದಳು: "ನೋಡ್ರಿ, ಜೀವಕ್ಕೆ ಬಂದ ಏಟನ್ನ ತಡಿಯಾಕೆ ತಿರುಗಿ ಹೊಡೆದ್ರೆ ಅದು ಅಪರಾಧ ಅಲ್ಲ. ಗಂಡ ಆದ್ರೂ ಅಷ್ಟೇ, ಯಾರಾದ್ರೂ ಅಷ್ಟೇ. ಆದ್ರೆ ಅವನ ಕೈಯಿಂದ ಮಚ್ಚು ಬಿದ್ದ ಮೇಲೂ ಹೊಡೆದಿದ್ರೆ ಅದು ಸೇಡು. ಸೇಡಿಗೆ ಕಾನೂನು ಬರಲ್ಲ."

"ಈ ಕಾನೂನು ಬರ್ದೋನ್ ಹಲ್ಲು ಯಾರೂ ಮುರಿದಿಲ್ಲ, ಅದುಕ್ಕೆ ಹಂಗೆ ಬರ್ದವ್ನೆ" ಅಂದೆ ನಾನು.

"ಸುಮ್ನಿರಕ್ಕ" ಅಂದಳು ಇವಳು. "ನಾನು ಕಾನೂನು ಓದಿ ಹೊಡೀಲಿಲ್ಲ. ಮಚ್ಚು ಬಿತ್ತು, ಕೆಲ್ಸ ಮುಗೀತು."

ಕೇಸು ಎಳೆಯಿತು. ಒಂದು ಸಲ ಸಾಕ್ಷಿ ಬರಲಿಲ್ಲ, ಒಂದು ಸಲ ಜಡ್ಜು ಸಾಹೇಬರು ರಜ. ಹುಡುಗಿ ಪಿಯುಸಿಗೆ ಸೇರಿದಳು. ಬಿ. ದುರ್ಗದ ಆ ಗಂಡು ಇನ್ನೂ ಹಾಗೇ ಇದ್ದ, ಅವನಿಗೆ ಬೇರೆ ಯಾರು ಹೆಣ್ಣು ಕೊಡುತ್ತಾರೆ? ತಾಯಿ ಹೊರಗಿರುವ ತನಕ ಹುಡುಗಿಯನ್ನು ಮುಟ್ಟುವ ಧೈರ್ಯ ಅವರಿಗಿರಲಿಲ್ಲ. ಶಿಕ್ಷೆಯಾಗಿ ತಾಯಿ ಒಳಗೆ ಹೋದ ದಿನವೇ ಹುಡುಗಿ ಅಪ್ಪನ ಮನೆಗೆ, ಅವತ್ತೇ ವೀಳ್ಯ ಎಂದು ಬೀದಿಯಲ್ಲಿ ನಿಂತೇ ಮಾತಾಡುತ್ತಿದ್ದರು, ನಮಗೆ ಕೇಳಲಿ ಅಂತ. ಇವಳು ಜೈಲಿಗೆ ಹೆದರಲಿಲ್ಲ. ಹೆದರಿದ್ದು ಆ ವೀಳ್ಯಕ್ಕೆ. ನೂಲು ಹಾಗೇ ಕೈಯಲ್ಲಿ ಹಿಡಿದುಕೊಂಡು ಮಗಳು ಓದುವುದನ್ನೇ ನೋಡುತ್ತಾ ಕೂರುವಳು.

ಗೌಡ ಸಾಕ್ಷಿ ಹೇಳಬೇಕಿತ್ತು. ಗುಡಿಯ ಮುಂದೆ ಅವನು ಕೇಳಿದ ಮಾತನ್ನು ಕೋರ್ಟಿನಲ್ಲಿ ಹೇಳಿದರೆ ಸಾಕು ಎಂದು ಲಾಯರಮ್ಮ ಹೇಳಿದ್ದಳು. ನಾನು ಅವನ ಮನೆಗೆ ಹೋದೆ.

"ಗಂಡ ಹೆಂಡ್ರ ಜಗಳದಾಗೆ ನಾನ್ಯಾಕೆ ಬರ್ಲಿ ಅಜ್ಜಿ?"

"ಬರಬ್ಯಾಡಪ್ಪ. ಭಂಡಾರದ ಮುಂದೆ ಆಡಿದ ಮಾತು ಕೋರ್ಟಾಗೆ ಸುಳ್ಳಾಗ್ತೈತೆ. ಆಡ್ದೋನ್ ವಂಶ ಅಂತೂ ಹೋಗ್ತೈತೆ. ಕೇಳಿ ಮುಚ್ಚಿಟ್ಟೋರ್ ವಂಶ ಏನಾಗ್ತೈತೆ ಅಂತ ಪೂಜಾರಿನ ಕೇಳ್ಕಂಬಾ ಅಂತ ಹೇಳಾಕೆ ಬಂದೆ. ಸೊಸಿಗೆ ಈಗ ಎಷ್ಟು ತಿಂಗಳು?"

ಅವನು ಬಂದ. ನ್ಯಾಯಕ್ಕಾಗಿ ಬರಲಿಲ್ಲ, ಹೆದರಿ ಬಂದ. ಹೇಗಾದರೇನು, ಕಟಕಟೆಯಲ್ಲಿ ನಿಂತು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ. ಗಂಡನಾದವನು ಅಲ್ಲೇ ಎದ್ದು, "ನಾನು ಭಂಡಾರ ಮುಟ್ಲೇ ಇಲ್ಲ! ಪೂಜಾರಿ ಹಣೀಗೆ ಹಚ್ಚಿದ್ದು!" ಎಂದು ಅರಚಿದ. ಗೌಡನಿಗೆ ರೇಗಿಹೋಯಿತು. "ಲೇ, ಹಣೀಗೆ ಹಚ್ಚಿದ್ರೆ ಮುಟ್ಟಿದಂಗೇ ಕಣ್ಲೇ! ಮಚ್ಚೆತ್ತಿದ್ದು ನಾನೇ ಅಂತ ಎದೆ ತಟ್ಕಂಡೆಲ್ಲ ಅವತ್ತು!" ಸಾಹೇಬರು ಇಬ್ಬರನ್ನೂ ಗದರಿ ಕೂರಿಸಿದರು. ಆದರೆ ಆಣೆ ನಡೆದದ್ದನ್ನು ಅವನ ಬಾಯಿಂದಲೇ ಎಲ್ಲರೂ ಕೇಳಿದ್ದಾಗಿತ್ತು. ಸಂತೋಷಕ್ಕೆ ನನಗೆ ಕೆಮ್ಮು ಬಂತು.

ಆಮೇಲೆ ನನ್ನ ಸರದಿ. ಕಂಡದ್ದನ್ನು ಹೇಳಿದೆ. ಸರ್ಕಾರಿ ವಕೀಲ ಎದ್ದು ನಿಂತ. ಅವನಿಗೆ ಅತ್ತೆ ಏನನ್ನೋ ಹೇಳಿಕೊಟ್ಟಿದ್ದಳು.

"ಅಜ್ಜಿ, ನೀವು ಗೋಡೆ ಮೇಲಿಂದ ಏನೋ ಕೂಗಿದ್ರಂತೆ?"

"ಕೂಗ್ದೆ."

"ಏನಂತ?"

"ಇನ್ನೊಂದ್ ಹಾಕೇ, ತಲೀಗೆ ಹಾಕೇ ಅಂತ."

ಕೋರ್ಟಿನಲ್ಲಿದ್ದವರು ನಕ್ಕರು. ಲಾಯರಮ್ಮನ ಮುಖ ಬಿಳಿಚಿತು. ವಕೀಲ ಜಡ್ಜು ಸಾಹೇಬರ ಕಡೆ ತಿರುಗಿ, "ನೋಡಿ ಸ್ವಾಮಿ, ಇಬ್ಬರೂ ಸೇರಿ ಕೊಲ್ಲಬೇಕೆಂದೇ ಇದ್ದರು" ಅಂದ.

ನನಗೆ ಸಿಟ್ಟು ಬಂತು. "ಏನ್ ಸೇರಾದು? ನನಗೆ ಕೊಲ್ಬೇಕು ಅಂತಿತ್ತು, ಅವಳಿಗಿರ್ಲಿಲ್ಲ. ಕೂಗಿದ್ದು ನಾನು. ಅವಳು ಕೇಳಿದ್ಲಾ? ಅವನು ಕೆಳಗೆ ಬಿದ್ದಿದ್ದ, ಹಲಗೆ ಅವಳ ಕೈಯಾಗಿತ್ತು, ಹಾಕೇ ಹಾಕೇ ಅಂತ ನಾನು ಗಂಟ್ಲು ಹರ್ಕಂತಿದ್ದೆ. ಹಲಗೆ ಬಿಸಾಕಿ ಮಚ್ಚಿನ ಮ್ಯಾಲೆ ಕಾಲಿಟ್ಕಂಡು ನಿಂತ್ಲು. ಒಂದೇ ಏಟು. ನನ್ ಮಾತು ಕೇಳಿದ್ರೆ ಇವನು ಇವತ್ತು ಇಲ್ಲಿಗೆ ಬರ್ತಿದ್ನಾ?"

ಸಾಹೇಬರು ನನ್ನ ಮಾತನ್ನು ಬರೆಯುವವನಿಗೆ ನಿಧಾನವಾಗಿ ಹೇಳಿ ಬರೆಸಿದರು. ವಕೀಲ ಕೂತ. ಲಾಯರಮ್ಮ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, "ಅಜ್ಜಿ, ನಾನು ಇಷ್ಟು ದಿನ ಒದ್ದಾಡಿದ್ದನ್ನ ನೀವು ಸಿಟ್ಟಿನಾಗೆ ಹೇಳಿಬಿಟ್ರಿ. ಹೊಡಿ ಅಂದ್ರೂ ಹೊಡೀಲಿಲ್ಲ ಅನ್ನಾದೇ ನಮಗೆ ಬೇಕಿದ್ದಿದ್ದು" ಅಂದಳು. ನಾನು ಕೂಗಿದ್ದು ಅದಕ್ಕಲ್ಲ. ಅವನ ತಲೆ ಒಡೆಯಲಿ ಎಂದು ಕೂಗಿದ್ದೆ, ಒಡೆದಿದ್ದರೂ ಖುಷಿಯೇ ಪಡುತ್ತಿದ್ದೆ.

ತೀರ್ಪಿನ ದಿನ ಸಾಹೇಬರು ಓದಿದ್ದರಲ್ಲಿ ನನಗೆ ಅರ್ಥವಾದದ್ದು ಸ್ವಲ್ಪ. ಆತ್ಮರಕ್ಷಣೆ ಅಂದರು. ಕೂತ ಜಾಗದಿಂದ ಓಡಲು ದಾರಿ ಇರಲಿಲ್ಲ ಅಂದರು. ಎಷ್ಟು ಬೇಕೋ ಅಷ್ಟೇ ಮಾಡಿದ್ದಾಳೆ ಅಂದರು. ಖುಲಾಸೆ ಅಂದರು. ಅತ್ತೆ ಹೊರಗೆ ಬಂದು ನೆಲದ ಮಣ್ಣು ಬಾಚಿ ನಮ್ಮ ಕಡೆ ತೂರಿ ಶಾಪ ಹಾಕಿದಳು. ಇವಳು ಸೆರಗು ಕೊಡವಿಕೊಂಡು, "ಹೋಗಾಣ ನಡಿಯಕ್ಕ, ಬಸ್ ಐತೆ" ಅಂದಳು.

ಅವರೂ ಅದೇ ಬಸ್ಸು. ಅವರು ಮುಂದೆ, ನಾವು ಹಿಂದೆ.

ಊರಿನಲ್ಲಿ ಇಳಿದರೆ ಬೀದಿಯೆಲ್ಲ ಮಾಂಸದ ಸಾರಿನ ಘಮ. ಅವರ ಅಂಗಳದಲ್ಲಿ ಚಪ್ಪರ. ಬಿ. ದುರ್ಗದವರು ಆಗಲೇ ಬಂದು ಕೂತಿದ್ದರು. ಇವಳು ಇವತ್ತು ಒಳಗೆ ಹೋಗುವುದು ಖಂಡಿತ ಎಂದು ಬೆಳಗ್ಗೆಯೇ ಕುರಿ ಕಡಿದು, ಸಂಜೆಗೆ ವೀಳ್ಯ ಇಟ್ಟುಕೊಂಡಿದ್ದರು. ಗಂಡು ಬಿಳೀ ಅಂಗಿ ಹಾಕಿಕೊಂಡು ಕುರ್ಚಿಯ ಮೇಲಿತ್ತು. ಗಂಡನೂ ಅತ್ತೆಯೂ ಚಪ್ಪರದೊಳಗೆ ಹೋದ ಕೂಡಲೇ ಅಲ್ಲಿದ್ದವರೆಲ್ಲ ತಿರುಗಿ ನಮ್ಮ ಕಡೆ ನೋಡಿದರು.

ನಾನು ನಮ್ಮ ಬಾಗಿಲ ಬೀಗ ತೆಗೆಯುವುದಕ್ಕೆ ಹೋದೆ. ಅವಳು ಬರಲಿಲ್ಲ. ಕಾಲೇಜಿನಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ ಮಗಳ ಕೈ ಹಿಡಿದುಕೊಂಡು ಆ ಚಪ್ಪರದ ಕಡೆ ನಡೆದಳು. "ಬಾರಕ್ಕ" ಅಂದಳು ನನಗೆ. ನಾನೂ ಹೋದೆ. ಒನಕೆ ತರಲೇ ಎಂದು ಕೇಳಿದೆ. ಬೇಡ ಅಂದಳು.

ಊಟಕ್ಕೆ ಚಾಪೆ ಹಾಸಿತ್ತು. ಅವಳು ಮಧ್ಯದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಮಗಳನ್ನು ಒಂದು ಪಕ್ಕ, ನನ್ನನ್ನು ಒಂದು ಪಕ್ಕ ಕೂರಿಸಿಕೊಂಡಳು. ತಾನೇ ಮೂರು ಗಂಗಾಳ ಎಳೆದು ಮುಂದಿಟ್ಟಳು. ಗಂಗಾಳದ ಮುಂದೆ ಕೂತವರನ್ನು ಎಬ್ಬಿಸುವುದು ನಮ್ಮ ಜನದಲ್ಲಿ ಇಲ್ಲ. ವೈರಿಯಾದರೂ ಉಂಡೇ ಏಳಬೇಕು, ಎಬ್ಬಿಸಿದರೆ ಮನೆಗೆ ಅನ್ನ ಹತ್ತುವುದಿಲ್ಲ. ಅಷ್ಟೂ ಜನಕ್ಕೆ ಅದು ಗೊತ್ತು. ಗಂಡನ ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ನೆಲ ನೋಡಿದ.

"ಬಡಿಸತ್ತೆ" ಅಂದಳು ಇವಳು. ಆವತ್ತು ಮೊದಲ ಸಲ ಅತ್ತೆಯ ಮುಖವನ್ನೇ ನೋಡಿ ಮಾತಾಡಿದಳು.

ಅತ್ತೆ ಬಡಿಸಿದಳು. ಏನು ಮಾಡುತ್ತಾಳೆ? ಮುದ್ದೆ ಇಟ್ಟಳು, ಸಾರು ಬಿಟ್ಟಳು. ಇವಳು ಬೆರಳಿನಿಂದ ಸಾರು ಕೆದಕಿ, "ತುಂಡು ಕಮ್ಮಿ ಬಿತ್ತು" ಅಂದಳು. ಅತ್ತೆ ಇನ್ನೊಂದು ಸೌಟು ಹಾಕಿದಳು. ಬಿಳೀ ಅಂಗಿಯವನು ಕುರ್ಚಿ ಸರಿಸಿ ಎದ್ದು ಹೊರಗೆ ಹೋದ. ಅವನ ಹಿಂದೆ ಅವನ ಕಡೆಯವರೂ ಒಬ್ಬೊಬ್ಬರೇ ಎದ್ದರು.

ಹುಡುಗಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು, ಮುದ್ದೆ ಮುಟ್ಟಿರಲಿಲ್ಲ. ಅವಳಮ್ಮ ಒಂದು ಒಳ್ಳೆಯ ತುಂಡು ಆರಿಸಿ ಮಗಳ ಗಂಗಾಳಕ್ಕೆ ಹಾಕಿದಳು. ಚಪ್ಪರದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಉಣ್ಣವ್ವ. ಗಂಡು ಬ್ಯಾಡ ಅಂದ್ವೇ ಹೊರ್ತು ಊಟ ಬ್ಯಾಡ ಅಂದಿಲ್ಲ."